ಕೈಗುಣ ಕೆಟ್ಟವಳ ಮಳೆಗಾಲ

ಮಾವಿನ ಮಿಡಿಯ ಸೊನೆ ವಾಸನೆ ಮೂಗಿಗೆ ಬಡಿದರೆ ಎಲ್ಲರಿಗೂ ಬಾಯಲ್ಲಿ ನೀರೂರುತ್ತದೆ. ನನಗೆ ಊರುವುದಿಲ್ಲ. ಮೊನ್ನೆ ಪಕ್ಕದ ಮನೆಯವರು ಮಿಡಿ ತಂದು ಜಗಲಿಯ ಮೇಲೆ ಸುರಿದುಕೊಂಡು ತೊಟ್ಟು ಕತ್ತರಿಸುತ್ತಾ ಕೂತಿದ್ದರು. "ಬನ್ನಿ ಅಜ್ಜಿ, ನೀವೂ ಒಂದು ಕೈ ಹಾಕಿ. ನಿಮ್ಮ ಕೈಗುಣ ಚೆನ್ನಾಗಿದೆ ಅಂತಾರೆ" ಎಂದು ಆ ಮನೆಯ ಸೊಸೆ ಕರೆದಳು. ಹೋಗಿ ಕೂತೆ. ಬೆರಳಿಗೆ ಸೊನೆ ಅಂಟಿತು. ನನಗೆ ನೆನಪಾದದ್ದು ಉಪ್ಪಿನಕಾಯಿಯ ರುಚಿಯಲ್ಲ, ಇಡೀ ಒಂದು ವರ್ಷ. ಹೊಸ ಪೈಸೆ ಚಲಾವಣೆಗೆ ಬಂದ ಮರುವರ್ಷ ಅದು. ಸಂತೆಯಲ್ಲಿ ಜನ ಇನ್ನೂ ಆಣೆ ಲೆಕ್ಕದಲ್ಲೇ ಚೌಕಾಸಿ ಮಾಡುತ್ತಿದ್ದರು. ನಾನು ಶಿಕಾರಿಪುರದ ಒಂದು ಮನೆಯ ಸೊಸೆ. ಆದರೆ ಆ ವರ್ಷ ನಾನು ಕಳೆದದ್ದು ಸೊರಬದ ಆಚೆ, ಜಡೆಯ ಹತ್ತಿರದ ಹಳ್ಳಿಯಲ್ಲಿದ್ದ ನನ್ನ ಅಕ್ಕನ ಮನೆಯಲ್ಲಿ.

ಮೊದಲು ಆದದ್ದನ್ನು ಹೇಳಿ ಮುಗಿಸಿಬಿಡುತ್ತೇನೆ. ಸಂಕ್ರಾಂತಿ ಕಳೆದ ಮೇಲೆ ನನಗೆ ಗಂಡು ಮಗು ಹುಟ್ಟಿತು. ತಾಯಿ ಎಂದೋ ತೀರಿಕೊಂಡಿದ್ದರಿಂದ ಚೊಚ್ಚಲ ಹೆರಿಗೆಗೂ ನನಗೆ ತವರು ಎಂಬುದು ಇರಲಿಲ್ಲ, ಗಂಡನ ಮನೆಯಲ್ಲೇ ಆಯಿತು. ಸೂಲಗಿತ್ತಿಯನ್ನು ಕರೆತರಲು ನಮ್ಮ ಯಜಮಾನರು ಗಾಡಿ ಹೊಡೆದುಕೊಂಡು ಹೋಗಿದ್ದರು. ಅವಳು ಬರುವಷ್ಟರಲ್ಲಿ ಮಗು ಬಂದಾಗಿತ್ತು. ನನ್ನ ಅತ್ತೆಯೇ ಅದನ್ನು ಎತ್ತಿಕೊಂಡರು, ಒರೆಸಿದರು. ಅದು ಸಣ್ಣಗೆ ಅತ್ತಿತು. ಅತ್ತೆ ಅದನ್ನು ನನ್ನ ಕೈಗೆ ಕೊಟ್ಟರು. ನನ್ನ ಕೈಯಲ್ಲಿ ಸ್ವಲ್ಪ ಹೊತ್ತು ಉಸಿರಾಡಿ, ನಿಲ್ಲಿಸಿತು.

ನೋಡಲು ಬಂದವರಲ್ಲಿ ಯಾರೋ ಒಬ್ಬಾಕೆ, ಕೆಟ್ಟ ಮನಸ್ಸಿನಿಂದ ಅಲ್ಲ, ಸುಮ್ಮನೆ ಅಂದರು: "ಅತ್ತಿ ಕೈಯಾಗ ಇದ್ದಾಗ ಅಳ್ತಿತ್ತಂತಲ್ಲ." ಅಷ್ಟೇ ಮಾತು. ಆಕೆ ಕಾಫಿ ಕುಡಿದು ಹೋದರು. ಆ ಮಾತು ಹೋಗಲಿಲ್ಲ. ಅತ್ತೆಯ ಕೈಯಲ್ಲಿ ಅಳುತ್ತಿದ್ದ ಮಗು ನನ್ನ ಕೈಗೆ ಬಂದು ಸುಮ್ಮನಾಯಿತು ಅಂದರೆ ದೋಷ ಎಲ್ಲಿದೆ ಎಂದು ಹೇಳಲು ಜೋಯಿಸರು ಬೇಕಿರಲಿಲ್ಲ. ನನ್ನ ಕೈಯಲ್ಲಿ ಯಾವುದೂ ನಿಲ್ಲುವುದಿಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ.

ಯಜಮಾನರು ಮಗುವನ್ನು ಬಟ್ಟೆಯಲ್ಲಿ ಮುಚ್ಚಿದ ಹಾಗೆಯೇ ತೆಗೆದುಕೊಂಡು ಹೋಗಿ ಮಣ್ಣು ಮಾಡಿ ಬಂದರು. ಬಚ್ಚಲಲ್ಲಿ ತಲೆಗೆ ನೀರು ಸುರಿದುಕೊಂಡು, ಹೊರಗಿನ ಕಟ್ಟೆಯ ಮೇಲೆ ಕೂತರು. ಒಳಗೆ ಬಂದು ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ಆಮೇಲೂ ಆಡಲಿಲ್ಲ. ಊಟಕ್ಕೆ ಬಂದರೆ ತಟ್ಟೆ ನೋಡುತ್ತಿದ್ದರು, ಎದ್ದು ಹೋಗುತ್ತಿದ್ದರು. ಇವರಿಗೂ ಗೊತ್ತಾಗಿದೆ, ನನ್ನ ಕೈಗುಣ ಎಂಥದ್ದು ಅಂತ ಎಂದುಕೊಂಡೆ. ಅವರ ಕಣ್ಣಿಗೆ ಬೀಳದ ಹಾಗೆ ಓಡಾಡುವುದನ್ನು ಕಲಿತೆ.

ನಾನು ಅಳಲಿಲ್ಲ. ಬೇಕೆಂದು ತಡೆದುಕೊಂಡಿದ್ದಲ್ಲ, ಅಳು ಬರಲೇ ಇಲ್ಲ. ಮೈಗೆ ಜೋಮು ಹಿಡಿದ ಹಾಗೆ ಮನಸ್ಸಿಗೆ ಹಿಡಿದಿತ್ತು. ಖಾರ ಹೆಚ್ಚಾದರೂ ತಿನ್ನುತ್ತಿದ್ದೆ, ಉಪ್ಪಿಲ್ಲದಿದ್ದರೂ ತಿನ್ನುತ್ತಿದ್ದೆ. ಕರೆದರೆ ಓಗೊಡುತ್ತಿದ್ದೆ, ಹೇಳಿದ ಕೆಲಸ ಮಾಡುತ್ತಿದ್ದೆ. ಮನೆಯವರಿಗೆ ಅದೇ ಹೆದರಿಕೆಯಾಯಿತು. ಸೊಸೆ ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು, ಜಗಳವಾಡಿದ್ದರೆ ಬಯ್ಯಬಹುದಿತ್ತು. ಎರಡೂ ಇಲ್ಲದವಳನ್ನು ಏನು ಮಾಡುವುದು? ಅಕ್ಕ ಆಗ ಬಸುರಿ. ಅವಳ ಮನೆಯಲ್ಲಿ ಕೈಗೊಬ್ಬರು ಬೇಕಾಗಿದ್ದಾರೆ ಎಂದು ಸುದ್ದಿ ಬಂದಾಗ ಅತ್ತೆ ತಕ್ಷಣ ಒಪ್ಪಿದರು. ನಾನು ಬಟ್ಟೆ ಕಟ್ಟಿಕೊಳ್ಳುವಾಗ ಬಾಗಿಲಲ್ಲಿ ನಿಂತು, "ಮಳಿಗಾಲ ಮುಗಿಯಾದ್ರೊಳಗ ಸರಿಹೋದ್ರ ಬಂದು ಕರ್ಕಂಡು ಹೋಗ್ತಾನ. ಇಲ್ಲಂದ್ರ ಮುಂದಿಂದು ನೋಡಾಣ" ಅಂದರು. ಮುಂದಿನದು ಅಂದರೆ ಏನು ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ಕಾಲಕ್ಕೆ ಒಬ್ಬಳು ನಿಲ್ಲದಿದ್ದರೆ ಇನ್ನೊಬ್ಬಳನ್ನು ತರುವುದು ದೊಡ್ಡ ವಿಷಯವಲ್ಲ. ಕೇಳಿ ನನಗೆ ಏನೂ ಅನಿಸಲಿಲ್ಲ. ಗಂಟು ಬಿಗಿದೆ.

ಅಕ್ಕನ ಊರಿಗೆ ಹೋದದ್ದು ಶಿವರಾತ್ರಿ ಸುಮಾರಿಗೆ. ಅಕ್ಕನ ಅತ್ತೆಯ ಹೆಸರು ಚೌಡಮ್ಮ. ನಾನೂ ಅತ್ತೆ ಎಂದೇ ಕರೆಯುತ್ತಿದ್ದೆ. ಗಟ್ಟಿ ದನಿ, ಗಟ್ಟಿ ಮೈ, ಬಾಯಿಗೆ ಬೀಗ ಎಂಬುದೇ ಇಲ್ಲ. ನನ್ನನ್ನು ನೋಡಿದ ಮೊದಲ ದಿನವೇ, "ಎಂತ ಮಾರಾಯ್ತಿ, ಉಪವಾಸ ಮಾಡ್ಕಂಡು ಬಂದಿದೀಯೋ, ಇಲ್ಲಿ ಬಂದು ಮಾಡಕ್ಕೆ ಬಂದಿದೀಯೋ?" ಅಂದರು. ಮರುಗುವ ಮಾತು ಆಡಲಿಲ್ಲ. ಪೊರಕೆ ಕೈಗೆ ಕೊಟ್ಟರು. ನನಗೆ ಅದು ಒಳ್ಳೆಯದೇ ಆಯಿತು, ಗುಡಿಸುವುದಕ್ಕೆ ಕೈಗುಣ ಬೇಕಿಲ್ಲವಲ್ಲ.

ಮಿಡಿಯ ಕಾಲ ಬಂತು. ಆ ವರ್ಷ ಕಾಡಿನ ಕಡೆ ಮಂಗಗಳು ಸಾಯುತ್ತಿವೆ, ಕಾಡಿಗೆ ಹೋದವರಿಗೆ ಜ್ವರ ಬರುತ್ತಿದೆ ಎಂಬ ಹೆದರಿಕೆ ಸೊರಬದ ಸುತ್ತ ತುಂಬಿತ್ತು. ಸತ್ತ ಮಂಗ ಕಂಡರೆ ದಾರಿಯನ್ನೇ ಬದಲಿಸುತ್ತಿದ್ದರು. ಪ್ರತಿವರ್ಷ ಹಳ್ಳದ ಬದಿಯ ಕಾಡುಮರದಿಂದ ಮಿಡಿ ಇಳಿಸುತ್ತಿದ್ದ ಭಾವ ಆ ಸಲ ಅತ್ತ ಹೋಗಲಿಲ್ಲ. ಊರ ಹತ್ತಿರದ ಮರದಿಂದಲೇ ಕೊಯ್ದು ತಂದರು. ಮಿಡಿ ತೊಳೆದು, ಆರಲು ಹರವಿದ್ದಾಯಿತು. ಆಗ ಚೌಡಮ್ಮತ್ತೆ, "ಈ ಸಲ ಗಿರಿಜಿ ಹಾಕ್ಲಿ" ಎಂದು ನನ್ನ ಕಡೆ ಕೈ ತೋರಿಸಿದರು.

ನನ್ನ ಎದೆ ಧಸಕ್ಕೆಂದಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ನಾನು ಬಹಳ ಸಮಾಧಾನವಾಗಿಯೇ, "ನನ್ನ ಕೈ ಬೇಡ ಅತ್ತೆ, ಕೆಡುತ್ತೆ" ಅಂದೆ. ಹಾಲು ಕಾಯಿಸಬೇಡಿ, ಉಕ್ಕುತ್ತೆ ಅನ್ನುವಷ್ಟೇ ಸಹಜವಾಗಿ ಅಂದೆ. ಅಕ್ಕ ಮುಖ ಆಚೆ ತಿರುಗಿಸಿದಳು.

"ಕೆಟ್ರೆ ಕೆಡ್ಲಿ. ಕೆಟ್ಟಿದ್ದು ತಿಪ್ಪೆಗೆ ಹಾಕೋದು ಯಾರು, ನಾನೇ ಅಲ್ದಾ? ನೀ ಹಾಕು" ಅಂದರು ಅತ್ತೆ.

ಉಪ್ಪು ಮಿಡಿ, ಉಪ್ಪು ಮಿಡಿ ಎಂದು ಪದರ ಹಾಕಿದೆ. ಮಿಡಿ ನೀರು ಬಿಟ್ಟು ಮುರುಟಿಕೊಂಡ ಮೇಲೆ ಸಾಸಿವೆ, ಮೆಣಸಿನಕಾಯಿ, ಅರಿಶಿನ ಅರೆದು ಕಲೆಸಿದೆ. ಮೂರು ಜಾಡಿ ತುಂಬಿದವು. ಬಾಯಿಗೆ ಬಟ್ಟೆ ಕಟ್ಟಿದೆ. ಎರಡನ್ನು ಭಾವ ಅಟ್ಟಕ್ಕೇರಿಸಿದರು. ಒಂದನ್ನು ಮೊದಲು ಬಳಸಲಿಕ್ಕೆ ಎಂದು ಅಡುಗೆಮನೆಯ ಮೂಲೆಯಲ್ಲಿ ಇಟ್ಟರು. ಮಳೆ ಹಿಡಿದ ಮೇಲೆ ಬಿಚ್ಚುವುದೆಂದು ಮಾತಾಯಿತು. ಮಾಡುವಷ್ಟು ಹೊತ್ತೂ ನನ್ನ ಮನಸ್ಸಿನಲ್ಲಿದ್ದದ್ದು ಒಂದೇ: ಇದು ಕೆಡುತ್ತದೆ, ಇವರಿಗೆಲ್ಲ ತಿಳಿಯುತ್ತದೆ, ತಿಳಿದರೆ ಒಂದು ಮುಗಿದ ಹಾಗಾಯಿತು. ನಿಜ ಹೇಳಬೇಕೆಂದರೆ ನಾನು ಅದಕ್ಕೆ ಕಾಯುತ್ತಿದ್ದೆ.

ಕಾಯುವವಳು ಸುಮ್ಮನೆ ಹೇಗೆ ಕೂರುವುದು? ಮರುದಿನ ಬೆಳಿಗ್ಗೆಯೇ ಹೋಗಿ ಬಟ್ಟೆ ಬಿಚ್ಚಿ ನೋಡಿದೆ. ಕೆಟ್ಟಿರಲಿಲ್ಲ. ಮತ್ತೆ ಕಟ್ಟಿದೆ. ಅದರ ಮರುದಿನವೂ ನೋಡಿದೆ. ಆಮೇಲೆ ಅದೊಂದು ದಿನಚರಿಯೇ ಆಯಿತು. ಪಾತ್ರೆ ತೊಳೆದು ಸೆರಗಿಗೆ ಕೈ ಒರೆಸಿಕೊಂಡು, ಜಾಡಿಯ ಬಾಯಿ ಬಿಚ್ಚಿ, ಬಗ್ಗಿ ಮೂಸುವುದು. ಮೇಲಿನ ಒಂದೆರಡು ಮಿಡಿಯನ್ನು ಬೆರಳಲ್ಲಿ ಒತ್ತಿ ಮೆತ್ತಗಾಗಿದೆಯೋ ಎಂದು ನೋಡುವುದು. ಯಾರಿಗೂ ಕದ್ದು ಮಾಡಿದ್ದಲ್ಲ. ಅಕ್ಕ ಎಷ್ಟೋ ಸಲ ನೋಡಿದ್ದಳು. ತಂಗಿಗೆ ಜಾಡಿಯ ಮೇಲಾದರೂ ಅಕ್ಕರೆ ಹುಟ್ಟಿತಲ್ಲ ಎಂದುಕೊಂಡಳಂತೆ ಪಾಪ.

ಮಳೆ ಹಿಡಿಯಿತು. ಆ ಕಡೆಯ ಮಳೆ ಶಿಕಾರಿಪುರದ ಮಳೆಯ ಹಾಗೆ ಬಂದು ಹೋಗುವುದಲ್ಲ, ಬಂದು ಕೂರುವುದು. ಒಲೆಗೆ ಹಸಿ ಸೌದೆ, ಒಣಗದ ಸೀರೆ, ಹೊರಗೆ ಕಾಲಿಟ್ಟರೆ ಕೆಸರು. ಗಂಡಸರು ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆಗೆ ಹೋದರೆ ಮನೆಯಲ್ಲಿ ನಾವು ಮೂವರೇ. ಒಂದು ಬೆಳಿಗ್ಗೆ ಎಂದಿನಂತೆ ಜಾಡಿ ಬಿಚ್ಚಿದೆ. ಮೇಲೆಲ್ಲ ಬಿಳಿಯ ಬೂಷ್ಟು. ಒಂದು ಮಿಡಿ ಒತ್ತಿದೆ, ಬೆರಳಿನಲ್ಲಿ ಹಿಸುಕಿಹೋಯಿತು. ನನಗೆ ದುಃಖವಾಗಲಿಲ್ಲ. ಒಂದು ಥರದ ನಿರಾಳವಾಯಿತು. ಜಾಡಿಯನ್ನು ಎತ್ತಿಕೊಂಡು ಹೋಗಿ ಚೌಡಮ್ಮತ್ತೆಯ ಮುಂದೆ ಇಟ್ಟೆ. "ಹೇಳಿರಲಿಲ್ವಾ" ಅಂದೆ.

ಅತ್ತೆ ಬಗ್ಗಿ ನೋಡಿದರು. ಬಯ್ಯಲಿಲ್ಲ. ಗದ್ದೆಗೆ ಹೊರಟಿದ್ದ ಭಾವನನ್ನು ಕರೆದು ಅಟ್ಟದ ಮೇಲಿನ ಎರಡು ಜಾಡಿಯನ್ನೂ ಇಳಿಸಲು ಹೇಳಿದರು. ನಾನೇ ಬಿಚ್ಚಬೇಕೆಂದರು. ಬಿಚ್ಚಿದೆ. ಸಾಸಿವೆಯ ಘಾಟು ಮೂಗಿಗೆ ಏರಿತು. ಅತ್ತೆ ಒಣ ಸೌಟಿನಲ್ಲಿ ಒಂದು ಮಿಡಿ ತೆಗೆದು ಕಚ್ಚಿದರು. ಕರುಂ ಎಂದಿತು. ಇನ್ನೊಂದು ಜಾಡಿಯದೂ ಹಾಗೆಯೇ.

"ಈ ಕೆಳಗಿಂದನ್ನ ಎಷ್ಟು ಸಲ ಬಿಚ್ಚಿದೀಯೆ?"

"ದಿನಾ ಬಿಚ್ತಿದ್ದೆ."

"ಎಂತಕ್ಕೆ?"

"ಕೆಟ್ಟಿದೆಯೋ ಅಂತ ನೋಡಕ್ಕೆ."

ಅವರು ನಗಲು ಶುರುಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದರು. "ಅಲ್ಲ ಕಣೇ, ದಿನಾ ಹೋಗಿ ಕೆಟ್ಯಾ, ಕೆಟ್ಯಾ ಅಂತ ಕೇಳಿದೀಯ. ಪಾಪ, ಅದೂ ಎಷ್ಟು ದಿನ ತಡೀತದೆ? ಒದ್ದೆ ಕೈ, ಮಳೆಗಾಳಿ. ಮೂರೂ ತುಂಬಿದ್ದು ನಿನ್ ಕೈಯೇ ಅಲ್ದಾ? ಅದೇ ಮಿಡಿ, ಅದೇ ಉಪ್ಪು. ನಿಂಗೆ ಅಟ್ಟ ಹತ್ತಕ್ಕೆ ಬಂದಿದ್ರೆ ಅವೆರಡೂ ಹೋಗಿರ್ತಿದ್ವು" ಅಂದರು.

ಇಷ್ಟು ಕೇಳಿದ ಮೇಲೆ ನನ್ನ ಕಣ್ಣು ತೆರೆಯಿತು ಎಂದು ಬರೆದರೆ ಓದುವವರಿಗೆ ಹಿತವಾಗುತ್ತದೆ. ಹಾಗಾಗಲಿಲ್ಲ. ಅತ್ತೆಯ ಮಾತು ಸರಿ ಎಂದು ತಲೆಗೆ ಗೊತ್ತಾಯಿತು. ಆದರೂ ಅಟ್ಟದ ಮೇಲಿದ್ದ ಜಾಡಿಗಳು ನನ್ನಿಂದ ದೂರ ಇದ್ದದ್ದರಿಂದ ಬದುಕಿಕೊಂಡವು ಎಂದು ಅದೇ ಮಾತನ್ನು ತಿರುವಿ ನನ್ನ ಕಡೆಗೇ ಹಾಕಿಕೊಂಡೆ. ಯೋಚನೆ ಒಂದು ಸಲ ಮನೆ ಕಟ್ಟಿಕೊಂಡರೆ ಎದುರಿಗೆ ಬಂದ ಸಾಕ್ಷಿಯನ್ನೂ ಕರೆದು ತನ್ನ ಮನೆಯಲ್ಲೇ ಕೂಡಿಸಿಕೊಳ್ಳುತ್ತದೆ. ಅದು ತಲೆಯಲ್ಲಿ ಮಾತ್ರ ಇರುತ್ತದೆ ಎಂದು ತಿಳಿದಿದ್ದೆ. ಅಲ್ಲ, ಅದು ಕೈಗೆ ಇಳಿಯುತ್ತದೆ. ನಾನು ಆಗಲೇ ಪಾತ್ರೆ ಹಿಡಿದರೆ ಸಡಿಲವಾಗಿ ಹಿಡಿಯುತ್ತಿದ್ದೆ, ಬೀಳುವುದೇ ಎಂದ ಮೇಲೆ ಬಿಗಿ ಹಿಡಿದು ಏನು? ಬೀಳುತ್ತಲೂ ಇತ್ತು. ಕೇಳಿದ್ದಕ್ಕೆ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದೆ, ನಡಿಗೆ ಗೋಡೆಯ ಬದಿಗೆ ಸರಿದಿತ್ತು. ಮೊದಲು ನನ್ನ ಸ್ವಭಾವ ಹಾಗಿರಲಿಲ್ಲ. ಅಕ್ಕನಿಗಿಂತ ನಾನೇ ಬಾಯಿಬಡಕಿ.

ಶ್ರಾವಣದಲ್ಲಿ ಅಕ್ಕನಿಗೆ ಹೆಣ್ಣು ಮಗು ಹುಟ್ಟಿತು. ಅವಳಿಗೂ ಬೇರೆ ತವರಿಲ್ಲವಲ್ಲ, ಹೆರಿಗೆ ಅಲ್ಲೇ ಆಯಿತು. ಹೆರಿಗೆ ಸಲೀಸಾಯಿತು. ನಾನು ಬಿಸಿನೀರು ಕಾಯಿಸಿದೆ, ಬಾಣಂತಿಗೆ ಸಾರು ಮಾಡಿದೆ, ಬಟ್ಟೆ ಒಗೆದೆ, ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದೆ. ಮಗುವನ್ನು ಮುಟ್ಟಲಿಲ್ಲ. ಯಾರಾದರೂ ಎತ್ತಿಕೋ ಅಂದರೆ ನನ್ನ ಕೈಗೆ ಬೂದಿಯೋ ಹಿಟ್ಟೋ ಅಂಟಿರುತ್ತಿತ್ತು, ಅಂಟದಿದ್ದರೆ ಅಂಟಿಸಿಕೊಳ್ಳುತ್ತಿದ್ದೆ. ಆದರೆ ಅದು ಮಲಗಿದ್ದಾಗ ತೊಟ್ಟಿಲ ಹತ್ತಿರ ಹೋಗಿ, ಮುಟ್ಟದೆ, ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ಬರುತ್ತಿದೆಯೋ ಎಂದು ನೋಡುತ್ತಿದ್ದೆ. ದಿನಕ್ಕೆ ಎಷ್ಟು ಸಲವೋ. ಮಗು ಬೆಚ್ಚಿ ಏಳುತ್ತಿತ್ತು. ಒಂದು ಮಧ್ಯಾಹ್ನ ಚೌಡಮ್ಮತ್ತೆ ನೋಡಿಬಿಟ್ಟರು.

"ಮತ್ತೆ ಬಟ್ಟೆ ಬಿಚ್ಚಕ್ಕೆ ಶುರುಮಾಡಿದ್ಯಾ?" ಅಂದರು. ಈ ಸಲ ನಗುವಿರಲಿಲ್ಲ.

ಮಗುವಿಗೆ ಎಣ್ಣೆ ನೀರು ಹಾಕಲು ಹಳ್ಳದಾಚೆಯ ಒಬ್ಬ ಅಜ್ಜಿ ಬರುತ್ತಿದ್ದಳು. ಹಳ್ಳ ಏರಿದ್ದರಿಂದ ಮರುದಿನ ಅವಳು ಬರಲಿಲ್ಲ. ಚೌಡಮ್ಮತ್ತೆ ಬಚ್ಚಲಲ್ಲಿ ಹಂಡೆಗೆ ಉರಿ ಹಾಕಿ, ಮಣೆ ಇಟ್ಟು ನನ್ನನ್ನು ಕರೆದರು. "ನಂಗೆ ಮಂಡಿ ಮಡಚಕ್ಕಾಗಲ್ಲ. ಕೂರು, ಕಾಲು ಚಾಚು" ಅಂದರು. ನಾನು ನೀವೇ ಮಾಡಿ ಅಂದೆ, ನಾಳೆ ಮಾಡಿದರಾಯಿತು ಅಂದೆ. ಅವರು ಕೇಳಿಸಿಕೊಳ್ಳಲಿಲ್ಲ. ಕೂತೆ. ಮಗುವನ್ನು ತಂದು ನನ್ನ ಕಾಲ ಮೇಲೆ ಬೋರಲು ಮಲಗಿಸಿದರು. "ನಾನು ನೀರು ಹೊಯ್ತೀನಿ. ನೀ ಸುಮ್ನೆ ಕೈ ಆಡಿಸು. ಅದು ಉಸಿರಾಡ್ತಾ ಇದೆಯಾ ಅಂತ ನೋಡದೆಲ್ಲ ಬೇಡ, ಅದೇ ಹೇಳ್ತದೆ."

ಅದು ಹೇಳಿತು. ನೀರು ಬಿದ್ದದ್ದೇ ತಡ, ಮನೆ ಹಾರಿಹೋಗುವ ಹಾಗೆ ಕಿರುಚಿತು. ನಾನು ಬೆನ್ನು ಉಜ್ಜಿದೆ. ತೋಳು, ಕಂಕುಳ, ಮೊಣಕಾಲ ಸಂದು. ಎಣ್ಣೆಗೆ ಜಾರುತ್ತಿತ್ತು, ಹಾಗಾಗಿ ಗಟ್ಟಿಯಾಗಿ ಹಿಡಿಯಬೇಕಾಯಿತು. ಸಡಿಲ ಹಿಡಿಯಲು ಬರುವಂತೆಯೇ ಇರಲಿಲ್ಲ. ಮುಗಿದ ಮೇಲೆ ಮಗುವಿಗೆ ಧೂಪ ಹಿಡಿದು, ಬಟ್ಟೆ ಸುತ್ತಿ ಅಕ್ಕನ ಪಕ್ಕ ಮಲಗಿಸಿದೆ. ಅದು ಹಾಲು ಕುಡಿದು ನಿದ್ದೆ ಹೋಯಿತು. ಅಕ್ಕ ಗೋಡೆಗೆ ತಿರುಗಿ ಅತ್ತಳು. ನನಗೆ ಅಳುವೂ ಬರಲಿಲ್ಲ, ಸಂತೋಷವೂ ಆಗಲಿಲ್ಲ. ತೋಳು ಮಾತ್ರ ನೋಯುತ್ತಿತ್ತು. ಮರುದಿನವೂ ನಾನೇ ನೀರು ಹಾಕಿದೆ. ಹಳ್ಳ ಇಳಿದು ಅಜ್ಜಿ ಬಂದರೂ, "ಇವಳು ಹಾಕ್ತಾಳೆ ಬಿಡು" ಎಂದು ಅತ್ತೆ ಅವಳಿಗೆ ಎಲೆಅಡಿಕೆ ಕೊಟ್ಟು ಕಳಿಸಿದರು. ದಿನಾ ಅದೇ ಕೆಲಸ ಮಾಡಿದ ಮೇಲೆ, ನನ್ನ ಕೈಯ ಬಗ್ಗೆ ಯೋಚಿಸಲು ಕೈಗೆ ಬಿಡುವೇ ಸಿಗದಂತಾಯಿತು. ಮಗು ದಪ್ಪವಾಯಿತು. ನನ್ನ ಜೋಮು ಹಾಗೇ ಇತ್ತು.

ದಸರಾ ಕಳೆದ ಮೇಲೆ ಯಜಮಾನರು ಬಂದರು. ಮೊದಲೇ ಹೇಳಿ ಕಳಿಸಿರಲಿಲ್ಲ. ನಾನು ಮಗುವನ್ನು ಹೆಗಲಿಗೆ ಹಾಕಿಕೊಂಡು ತೇಗಿಸುತ್ತಾ ಅಂಗಳದಲ್ಲಿದ್ದೆ. ಅವರು ಬೇಲಿಯ ಹತ್ತಿರವೇ ನಿಂತುಬಿಟ್ಟರು. ಸೊರಗಿದ್ದರು, ಗಡ್ಡ ಬಂದಿತ್ತು. ನಾನು ಒಳಗೆ ಹೋದೆ. ಊಟವಾದ ಮೇಲೆ ಅವರು ಚೌಡಮ್ಮತ್ತೆಯ ಹತ್ತಿರ, "ನಮ್ಮವ್ವ ಕೇಳ್ಕಂಡು ಬಾ ಅಂದಾಳ್ರೀ, ಈಕಿ ಹೆಂಗದಾಳ ಅಂತ" ಅಂದರು.

"ನಿನ್ ಹೆಂಡತಿನ ನನ್ ಹತ್ರ ಕೇಳ್ತೀಯಲ್ಲ ತಮ್ಮ. ಕರ್ಕಂಡು ಹೋಗಿ ದಾರೀಲಿ ಅವಳನ್ನೇ ಕೇಳು" ಅಂದರು ಅತ್ತೆ. ನನ್ನ ಬಟ್ಟೆಯ ಗಂಟನ್ನು ಅವರೇ ತಂದು ಜಗಲಿಯಲ್ಲಿಟ್ಟರು.

ಜಡೆಯಿಂದ ಬಸ್ಸಿನಲ್ಲಿ ಸೊರಬಕ್ಕೆ ಬಂದೆವು. ಅಲ್ಲಿ ಶಿಕಾರಿಪುರದ ಬಸ್ಸು ಕಾಯಬೇಕು. ಮರದ ಕೆಳಗೆ ಒಂದು ಕಲ್ಲುಚಪ್ಪಡಿಯ ಮೇಲೆ ಗಂಟನ್ನು ನಡುವೆ ಇಟ್ಟುಕೊಂಡು ಕೂತೆವು. ದಾರಿಯುದ್ದಕ್ಕೂ ಅವರು ಏನೂ ಕೇಳಿರಲಿಲ್ಲ. ಈ ಮನುಷ್ಯನ ಜೊತೆ ಇನ್ನು ಜೀವಮಾನವಿಡೀ ಹೀಗೆ ಕೂರಬೇಕು ಎಂದುಕೊಂಡೆ. ಅದಕ್ಕೂ ಬೇಸರವಾಗಲಿಲ್ಲ.

"ಅವತ್ತು ಗಾಡ್ಯಾಗ ಮೆಣಸಿನಕಾಯಿ ಚೀಲ ಇದ್ವು" ಅಂದರು ಅವರು, ರಸ್ತೆ ನೋಡುತ್ತಾ.

ನನಗೆ ಯಾವತ್ತು ಎಂದು ಹೊಳೆಯಲಿಲ್ಲ.

"ಸೂಲಗಿತ್ತಿನ ಕರ್ಕಂಡು ಬರಾಕ ಹೋದ್ನಲ್ಲ, ಅವತ್ತು. ಘಾಟಿಗೆ ಆ ಮುದುಕಿ ಹೆಂಗ ಕೂತಾಳು, ಇಳಿಸೇ ಹೋಗಾಣ ಅಂತ ಪ್ಯಾಟಿ ಮಂಡಿ ಅಂಗಡಿ ಕಡಿಗೆ ಗಾಡಿ ಹೊಡೆದೆ. ಆಳು ಇರಲಿಲ್ಲ. ಒಬ್ನೇ ಇಳಿಸಿದೆ. ಆಮ್ಯಾಲೆ ಹೋದೆ." ಗಂಟಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಸೀದಾ ಹೋಗಿದ್ರ ಆಕಿ ಟೈಮಿಗೆ ಬರ್ತಿದ್ಲು. ನೀ ನನ್ ಎದುರಿಗೆ ಬರಾದು ಬಿಟ್ಟೆ ನೋಡು, ಆವಾಗ ತಿಳ್ಕಂಡೆ, ನಿಂಗ ಯಾರೋ ಹೇಳ್ಯಾರ ಅಂತ. ಯಾವ ಮುಖ ಇಟ್ಕಂಡು ನಿನ್ನ ಮಾತಾಡಿಸ್ಲಿ?"

ನನಗೆ ಸಿಟ್ಟು ಬಂತು. ಆ ವರ್ಷದಲ್ಲಿ ನನಗೆ ಮೊದಲು ಬಂದದ್ದು ಅದು. ಅವರ ಮೇಲಲ್ಲ, ಚೀಲದ ಮೇಲೂ ಅಲ್ಲ. ಒಂದೇ ಸೂರಿನ ಕೆಳಗೆ ಇಬ್ಬರೂ ಒಂದೊಂದು ಯೋಚನೆ ಇಟ್ಟುಕೊಂಡು, ಅದಕ್ಕೆ ದಿನಾ ಉಣಬಡಿಸಿ, ಅದು ಹೇಳಿದ ಹಾಗೆ ಬಾಳಿದ್ದೆವಲ್ಲ ಎಂದು. ಅವರು ತಟ್ಟೆ ನೋಡುತ್ತಿದ್ದದ್ದು ನನ್ನ ಕೈ ನೋಡಲಾರದೆ ಅಲ್ಲ. ಚೀಲದ ವಿಷಯವನ್ನು ನನಗೆ ಯಾರೂ ಹೇಳಿರಲಿಲ್ಲ. ನಾನು ಹೇಳಬೇಕೆಂದಿದ್ದ ಒಂದು ಮಾತನ್ನು ಹೇಳಿದೆ: "ನನ್ನ ಕೈಗೆ ಬಂದ ಮೇಲೆ ಹೋಯ್ತು ಅಂತ ನಿಮಗೆ ನನ್ನ ಮೇಲೆ ಸಿಟ್ಟು ಅಂದ್ಕೊಂಡಿದ್ದೆ."

ಅವರು ತಿರುಗಿ ನನ್ನನ್ನು ನೋಡಿದರು. ಆ ಮಾತು ಅವರಿಗೆ ಅರ್ಥವೇ ಆಗಲಿಲ್ಲ ಎಂಬುದು ಮುಖದಲ್ಲೇ ಕಂಡಿತು. ನಾನು ಇಷ್ಟು ತಿಂಗಳು ಹೊತ್ತ ಮಾತು ಅದು. ಅವರಿಗೆ ಅದು ಅರ್ಥವಾಗುವಷ್ಟೂ ಹತ್ತಿರ ಸುಳಿದಿರಲಿಲ್ಲ.

"ನಿನ್ ಕೈಯಾಗ ಇತ್ತಾ?" ಅಂದರು. "ಸ್ವಲ್ಪ ಹೊತ್ತಾದ್ರೂ ನಿನ್ ಕೈಯಾಗಿತ್ತಾ?"

"ಇತ್ತು."

"ನಾ ಮುಖ ನೋಡ್ಲಿಲ್ಲ. ಬಟ್ಟಿ ತೆಗೆಯಾಕ ಧೈರ್ಯ ಆಗ್ಲಿಲ್ಲ. ಮುಚ್ಚಿದಂಗೇ ಇಟ್ಟು ಬಂದೆ." ಆಮೇಲೆ ಬಹಳ ಸಣ್ಣ ದನಿಯಲ್ಲಿ ಕೇಳಿದರು, "ಹೆಂಗಿದ್ದ?"

ಯಾರೂ ಅದನ್ನು ನನ್ನನ್ನು ಕೇಳಿರಲಿಲ್ಲ. ಆ ಮಗುವನ್ನು ಉಸಿರಿದ್ದಾಗ ನೆಟ್ಟಗೆ ನೋಡಿದವಳು ನಾನೊಬ್ಬಳೇ ಎಂಬುದು ನನಗೆ ಆಗ ಹೊಳೆಯಿತು. ನನ್ನ ಅತ್ತೆ ಗಡಿಬಿಡಿಯಲ್ಲಿ ಒರೆಸಿದ್ದರು ಅಷ್ಟೇ. ನಾನು ಹೇಳಲು ಶುರುಮಾಡಿದೆ. ತಲೆ ತುಂಬ ಕೂದಲಿತ್ತು, ಕಪ್ಪು ಕೂದಲು, ಹಣೆಯವರೆಗೂ ಅಂಟಿಕೊಂಡಿತ್ತು ಅಂದೆ. ಮೂಗು ನಿಮ್ಮದೇ, ತುದಿಯಲ್ಲಿ ಸ್ವಲ್ಪ ಅಗಲ ಅಂದೆ. ಅವರು ತಮ್ಮ ಮೂಗನ್ನು ಮುಟ್ಟಿಕೊಂಡರು. ನನ್ನ ಕಣ್ಣಿಂದ ನೀರು ಇಳಿಯತೊಡಗಿತು. ಒರೆಸಿಕೊಳ್ಳಲು ಕೈ ಬರಲಿಲ್ಲ, ಏಕೆಂದರೆ ಅವನು ಎಷ್ಟುದ್ದ ಇದ್ದ ಎಂದು ಎರಡೂ ಕೈಯಲ್ಲಿ ಅಳತೆ ಹಿಡಿದು ತೋರಿಸುತ್ತಿದ್ದೆ. ಶಿಕಾರಿಪುರದ ಬಸ್ಸು ಬಂದು ನಿಂತಿತು. ಕಂಡಕ್ಟರು ಊರಿನ ಹೆಸರು ಕೂಗಿ, ನಮ್ಮ ಕಡೆ ನೋಡಿ, ಬಾಗಿಲು ಹಾಕಿಕೊಂಡ. ಬಸ್ಸು ಹೋಯಿತು. ನಾವಿಬ್ಬರೂ ಏಳಲಿಲ್ಲ. ಅವರು ನನ್ನ ಎರಡು ಕೈಗಳ ನಡುವಿನ ಜಾಗವನ್ನೇ ನೋಡುತ್ತಿದ್ದರು. ನಾನಿನ್ನೂ ಅವನ ಕಿವಿ ಹೇಗಿತ್ತೆಂದು ಹೇಳಬೇಕಿತ್ತು.